ಸುಣ್ಣ ಬಳಿದ ಬಾವಿ

ಒಂದು ಬಾವಿಯನ್ನು ಕಂಪ್ಯೂಟರಿನೊಳಗೆ ಇಳಿಸಬೇಕಾದರೆ ಅದರ ಒಂದೊಂದು ಕಲ್ಲನ್ನೂ ಕಡಿಮೆಯೆಂದರೆ ಮೂರು ಜಾಗದಿಂದ ಫೋಟೋ ತೆಗೆಯಬೇಕು. ಒಂದು ಫೋಟೋದಲ್ಲಿ ಕಂಡದ್ದರ ಮುಕ್ಕಾಲು ಪಾಲು ಮುಂದಿನದರಲ್ಲೂ ಕಾಣಬೇಕು. ಅರ್ಧ ಹೆಜ್ಜೆ, ಒಂದು ಕ್ಲಿಕ್. ಮತ್ತೆ ಅರ್ಧ ಹೆಜ್ಜೆ, ಮತ್ತೊಂದು ಕ್ಲಿಕ್. ಸುತ್ತು ಮುಗಿದ ಮೇಲೆ ಕ್ಯಾಮೆರಾವನ್ನು ಮೊಣಕಾಲಿನ ಎತ್ತರಕ್ಕೆ ಇಳಿಸಿ ಇನ್ನೊಂದು ಸುತ್ತು, ತಲೆಯ ಮೇಲೆ ಎತ್ತಿ ಹಿಡಿದು ಮತ್ತೊಂದು. ಕಮಲಾಪುರದ ತೋಟದ ಒಡತಿ, ಅರವತ್ತು ದಾಟಿದ ಆಯಿ, ಮೊದಲ ದಿನ ನನ್ನನ್ನು ಹತ್ತು ನಿಮಿಷ ಸುಮ್ಮನೆ ನೋಡಿ ಕೊನೆಗೆ ತಡೆಯಲಾರದೆ ಕೇಳಿದಳು.

"ಯವ್ವಾ, ಬಾವಿಗಿ ಪ್ರದಕ್ಷಿಣಿ ಹಾಕಾಕತ್ತೀಯಲ್ಲ, ಏನರೆ ಹರಕಿ ಹೊತ್ತೀಯೇನು?"

ಹರಕೆ ಹೊರುವಷ್ಟು ಆಸೆಯಂತೂ ಇತ್ತು. ಪುಣೆಯ ಒಂದು ಗೇಮ್ ಕಂಪನಿಗೆ ನಮ್ಮ ಸೀಮೆಯ ನೆಲ ಬೇಕಾಗಿತ್ತು: ಕೆಂಪು ಮಣ್ಣು, ಬಾಳೆತೋಟ, ಹಳೆಯ ಬಾವಿ. ಆಟವಾಡುವವರು ಅದರೊಳಗೆ ಹೋಗಿ ಓಡಾಡುವ ಹಾಗಿರಬೇಕು. ನೂರಾರು ಫೋಟೋಗಳನ್ನು ಹೊಂದಿಸಿ ವಸ್ತುವಿನ ಆಕಾರವನ್ನೇ ಕಟ್ಟುವ ಈ ಕೆಲಸಕ್ಕೆ ಫೋಟೋಗ್ರಾಮೆಟ್ರಿ ಎನ್ನುತ್ತಾರೆ. ಹಾಗೆ ಕಟ್ಟಿದ್ದನ್ನು ಗೇಮ್ ಎಂಜಿನ್ ಎಂಬ ಸಾಫ್ಟ್‌ವೇರಿಗೆ ತುಂಬಿ ಬಿಸಿಲು, ನೆರಳು, ಗಾಳಿ ಕೊಟ್ಟರೆ ಅದು ನಡೆದಾಡುವ ಜಾಗವಾಗುತ್ತದೆ. ಹದಿನೈದು ದಿನದಲ್ಲಿ ಒಂದು ಎಕರೆಯಷ್ಟನ್ನು ಮಾಡಿ ತೋರಿಸಿ, ಒಪ್ಪಿಗೆಯಾದರೆ ಇಡೀ ಸೀಮೆಯ ಕೆಲಸ ನಿಮಗೇ, ಒಂದು ವರ್ಷ ಹಿಡಿಯುತ್ತದೆ ಎಂದಿದ್ದರು. ಒಪ್ಪಿಗೆಯಾಗದಿದ್ದರೆ ನಾನು ಕಲಬುರಗಿಯ ಸ್ಟೇಶನ್ ಬಜಾರದ ನನ್ನ ಸ್ಟುಡಿಯೋಗೆ ಮರಳಿ, "ಗದ್ದ ಸ್ವಲ್ಪ ಮ್ಯಾಲ ಎತ್ರಿ, ನಗಬ್ಯಾಡ್ರಿ" ಎನ್ನುತ್ತ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುತ್ತ ಇರಬೇಕು. ಅದೂ ಮರ್ಯಾದೆಯ ಕೆಲಸವೇ. ಆದರೆ ದಿನವಿಡೀ ಜನರಿಗೆ ನಗಬೇಡಿ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ಈ ಕೆಲಸ ನನಗೆ ಬೇಕೇ ಬೇಕಿತ್ತು.

ಜೊತೆಗಾರನಿಗೂ ಅಷ್ಟೇ. ಅವನು ಮದುವೆ ವಿಡಿಯೋ ತೆಗೆಯುವವನು, ಡ್ರೋನ್ ಹಾರಿಸುವುದರಲ್ಲಿ ಪಳಗಿದವನು, ಗೇಮ್ ಎಂಜಿನ್ ಅನ್ನು ತಾನೇ ನೋಡಿ ನೋಡಿ ಕಲಿತವನು. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಕನ್ನಡ. ಡ್ರೋನ್ ಕೈಕೊಟ್ಟಾಗ ಎರಡನ್ನೂ ಬಿಟ್ಟು ಬರೀ ನಿಟ್ಟುಸಿರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ನಮ್ಮ ಜೋಡಿಗೆ ಇಂಥವನೇ ಸರಿ.

ಕಂಪನಿ ಕಳಿಸಿದ ಪಟ್ಟಿಯಲ್ಲಿ ಬಾವಿಯ ಮುಂದೆ ಒಂದು ಸಾಲು ದಪ್ಪಕ್ಷರದಲ್ಲಿತ್ತು. ಅವರ ಕಥೆಯಲ್ಲಿ ಜನ ಊರು ಬಿಟ್ಟು ಹೋಗಿ ಬಹಳ ಕಾಲವಾಗಿದೆ. ಆದ್ದರಿಂದ ಪಾಳು ಬಿದ್ದ ಬಾವಿ ಬೇಕು, ಮನುಷ್ಯರ ಸುಳಿವು ಇರಬಾರದು. ಆಯಿಯ ಬಾವಿ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಸಣ್ಣ ಸಣ್ಣ ತೂತುಗಳ ಕೆಂಪುಗಲ್ಲಿನ ಕಟ್ಟೆ, ಕಲ್ಲುಗಳ ಮೇಲೆ ಒಣಗಿ ಕಪ್ಪಾದ ಪಾಚಿ, ಸಂದಿಯಲ್ಲಿ ಹುಲ್ಲು. ಒಂದು ಬದಿಯ ಕಲ್ಲಿನಲ್ಲಿ, ಹಿಂದೆ ಎತ್ತು ಹೂಡಿ ನೀರೆತ್ತುತ್ತಿದ್ದಾಗ ಹಗ್ಗ ತಿಕ್ಕಿ ತಿಕ್ಕಿ ಬಿದ್ದ ಬೆರಳಗಲದ ಗೀರುಗಳು. ಆ ಗೀರುಗಳನ್ನು ನೋಡಿದೊಡನೆ ನಾನು ಜೊತೆಗಾರನ ತೋಳು ಚಿವುಟಿದ್ದೆ.

ಮೊದಲ ದಿನ ನಾವು ಸೂರ್ಯ ಹುಟ್ಟುವ ಮೊದಲೇ ತೋಟದಲ್ಲಿದ್ದೆವು. ಈ ಕೆಲಸಕ್ಕೆ ಬಿಸಿಲು ವೈರಿ. ಬಿಸಿಲಿನಲ್ಲಿ ತೆಗೆದರೆ ನೆರಳು ಕಲ್ಲಿಗೇ ಅಂಟಿಕೊಂಡುಬಿಡುತ್ತದೆ. ಆಮೇಲೆ ಎಂಜಿನ್ನಿನಲ್ಲಿ ನಾವು ಸೂರ್ಯನನ್ನು ಯಾವ ಕಡೆ ಇಟ್ಟರೂ ಹಳೆಯ ನೆರಳು ಹೋಗುವುದಿಲ್ಲ. ಹೀಗಾಗಿ ಬೆಳಕು ಹರಿದ ಮೇಲೆ ಬಿಸಿಲು ಏರುವ ತನಕ ಸಿಗುವ ಒಂದೂವರೆ ತಾಸೇ ನಮ್ಮ ದುಡಿಮೆಯ ಹೊತ್ತು. ಜೊತೆಗಾರ ಡ್ರೋನ್ ಹಾರಿಸಿ ನೆಲದ ಏರುತಗ್ಗು ಹಿಡಿದ. ನಾನು ಕಪನೂರಿನ ವರ್ಕ್‌ಶಾಪಿನಲ್ಲಿ ಕೊರೆಯಿಸಿದ ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿಗಳನ್ನು ಅಳತೆ ತಪ್ಪದಿರಲೆಂದು ನೆಲಕ್ಕಿಟ್ಟು, ಎರಡು ಮೀಟರ್ ಚೌಕದ ಹಾಗೆ ನಾಲ್ಕು ಕಡೆ ಕೆಂಪು ಮಣ್ಣಿನ ಫೋಟೋ ತೆಗೆದೆ. ಕಲಬುರಗಿಯಿಂದ ಹೊರಟು ಕಪ್ಪು ನೆಲವನ್ನೇ ನೋಡುತ್ತ ಬಂದ ಕಣ್ಣಿಗೆ ಮಹಾಗಾಂವ ದಾಟಿದ ಮೇಲೆ ಸಿಗುವ ಈ ಕೆಂಪು ಯಾವತ್ತೂ ಹೊಸದೇ.

ಬಾಳೆ ಎಲೆ ಗಾಳಿಗೆ ಒಂದು ಕ್ಷಣ ನಿಲ್ಲುವುದಿಲ್ಲ, ಅಲುಗಿದ್ದನ್ನು ಸಾಫ್ಟ್‌ವೇರ್ ಕಟ್ಟಲಾರದು. ಅದಕ್ಕೆ ಎಲೆಗಳನ್ನು ಕೊಯ್ದು, ಮೇಲೆ ಕಟ್ಟಿದ ತಾಡಪತ್ರಿಯ ನೆರಳಿನಲ್ಲಿ ಹಾಸಿ, ಮುಂದೊಮ್ಮೆ ಹಿಂದೊಮ್ಮೆ ತೆಗೆದೆವು. ಕೆಂಪು ಬಾಳೆಯ ಗೊನೆಯದು ಬೇರೆ ಪೇಚಾಟ. ಹೊಳೆಯುವ ಸಿಪ್ಪೆಯ ಮೇಲೆ ನಮ್ಮದೇ ಪ್ರತಿಬಿಂಬ ಬಿದ್ದು ಲೆಕ್ಕ ತಪ್ಪುತ್ತದೆ. ಬಣ್ಣಕ್ಕಾಗಿ ಒಂದು ಸುತ್ತು ಹಾಗೇ ತೆಗೆದು, ಆಕಾರಕ್ಕಾಗಿ ಆಯಿಯಿಂದ ಒಂದು ಹಿಡಿ ಜೋಳದ ಹಿಟ್ಟು ಕೇಳಿ ಗೊನೆಗೆ ತೆಳ್ಳಗೆ ಉದುರಿಸಿ ಇನ್ನೊಂದು ಸುತ್ತು ತೆಗೆದೆ.

"ಅಯ್ಯ, ಬಾಳಿಗೊನಿಗಿ ಹಿಟ್ಟು ಹಚ್ಚತೀಯಲ್ಲ! ರೊಟ್ಟಿ ಬಡಿತೀಯೇನು ಅದನ್ನ?" ಎಂದು ಆಯಿ ಸೊಸೆಯನ್ನು ಕರೆದು ತೋರಿಸಿದಳು. ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಇಷ್ಟಾಗಿ ಬಾವಿಗೆ ಬರುವಷ್ಟರಲ್ಲಿ ಹೊತ್ತೇರಿತ್ತು. ಹಗ್ಗದ ಗೀರುಗಳಿದ್ದ ಅರ್ಧ ಬಾವಿ ಮುಗಿಯಿತು, ಇನ್ನರ್ಧದ ಮೇಲೆ ಬಿಸಿಲು ಬಿತ್ತು. ರೊಟ್ಟಿ, ಪುಂಡಿಪಲ್ಯ ತಿಂದು ಹೊರಡುವಾಗ ನಾನು ಒಂದು ಮಾತು ಹೇಳಿದೆ. ಈಗಲೂ ಆ ಮಾತು ನೆನಪಾದರೆ ಹಣೆ ಚಚ್ಚಿಕೊಳ್ಳುತ್ತೇನೆ.

"ಆಯಿ, ನಾಡದ ಮುಂಜಾನಿ ಮತ್ತ ಬರ್ತೀವಿ. ನಿಮ್ಮ ಬಾವಿ ದೇಶ ವಿದೇಶದ ಮಂದಿ ಎಲ್ಲಾ ನೋಡೋದದ."

ಆಯಿ ಬಾವಿಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು, "ಹೌದೇನು?" ಎಂದಳು. ಅಷ್ಟೇ. ಆ "ಹೌದೇನು" ಕೇಳಿಯೇ ನಾನು ಎಚ್ಚರಾಗಬೇಕಿತ್ತು.

ಮರುದಿನ ಸ್ಟುಡಿಯೋದಲ್ಲಿ ಕೂತು ಅರ್ಧ ಬಾವಿಯನ್ನು ಕಟ್ಟಿ ನೋಡಿದೆವು. ಸಾಫ್ಟ್‌ವೇರ್ ಮೊದಲು ಫೋಟೋಗಳಲ್ಲಿ ಗುರುತು ಹಿಡಿಯಬಹುದಾದ ಚುಕ್ಕೆಗಳನ್ನು ಹುಡುಕುತ್ತದೆ: ಕಲ್ಲಿನ ತೂತು, ಪಾಚಿಯ ಅಂಚು, ಒಡೆದ ಮೂಲೆ. ಒಂದೇ ಚುಕ್ಕೆ ಮೂರು ನಾಲ್ಕು ಫೋಟೋಗಳಲ್ಲಿ ಸಿಕ್ಕರೆ ಅದು ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಪರದೆಯ ಮೇಲೆ ಮೊದಲು ಚುಕ್ಕೆಗಳ ಮೋಡ ಕಂಡಿತು, ಆಮೇಲೆ ಆ ಮೋಡ ಗಟ್ಟಿಯಾಗಿ ಕಲ್ಲಾಯಿತು. ಹಗ್ಗದ ಗೀರಿನ ಆಳದಲ್ಲಿ ಕೂತ ಮಣ್ಣು ಕೂಡ ಕಾಣುತ್ತಿತ್ತು. ಜೊತೆಗಾರ ಕುರ್ಚಿಯಿಂದ ಎದ್ದು ನಿಂತು, "ಅಕ್ಕಾ, ಕೆಲಸ ನಮ್ಮದೇ ಅಂತ ತಿಳ್ಕೋರಿ" ಎಂದ. ಕೆಳಗಿನ ಅಂಗಡಿಯಿಂದ ಎರಡು ಪ್ಲೇಟ್ ಖಾರಾ ಚೂಡಾ ತರಿಸಿ ತಿಂದೆವು.

ಮೂರನೆಯ ದಿನ ಬೆಳಕು ಹರಿಯುವಾಗ ತೋಟದ ದಾರಿಗೆ ಇಳಿದರೆ ದೂರದಿಂದಲೇ ಬಾಳೆಗಳ ನಡುವೆ ಏನೋ ಬೆಳ್ಳಗೆ ಹೊಳೆಯಿತು. ಹತ್ತಿರ ಹೋದೆವು. ಬಾವಿಗೆ ಸುಣ್ಣ ಬಳಿದಿತ್ತು.

ಸುಮ್ಮನೆ ಬಳಿದದ್ದಲ್ಲ. ಪಾಚಿ ಕೆರೆದು, ಹುಲ್ಲು ಕಿತ್ತು, ಕಲ್ಲಿನ ತೂತುಗಳು ಮುಚ್ಚುವ ಹಾಗೆ ಎರಡು ಕೈ ಸುಣ್ಣ. ಸುತ್ತಲಿನ ನೆಲಕ್ಕೆ ಸಗಣಿ ಸಾರಿಸಿ ಗುಡಿಸಿದ್ದರು. ಕಟ್ಟೆಯ ಪಕ್ಕದಲ್ಲಿ ಆಯಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಮಗಳಿಗೆ ಸೀರೆ ಉಡಿಸಿ ಮಂಟಪಕ್ಕೆ ಕಳಿಸುವ ತಾಯಿಯ ಮುಖ ಅವಳದಾಗಿತ್ತು.

"ಹ್ಯಾಂಗ ಆಗ್ಯದ? ಹ್ವಾದ ವರ್ಷದ ಸುಣ್ಣ ಮಳಿಗಿ ತೊಳದು ಹೋಗಿತ್ತು, ದಸರಿಗಿ ಹೆಂಗೂ ಬಳಿಯಾದೇ ಇತ್ತು. ದೇಶ ವಿದೇಶದ ಮಂದಿ ನೋಡ್ತಾರ ಅಂದಿ. ಹೊಲಸ ಬಾವಿ ತೋರಸಲಾಕ ಆಗ್ತದೇನು? ನಿನ್ನಿ ಇಡೀ ದಿನಾ ನಾನು, ಸೊಸಿ ಇದೇ ಮಾಡೀವಿ."

"ಭಾಳ ಛಲೋ ಆಗ್ಯದ ಆಯಿ" ಎಂದು ಹೇಗೋ ಹೇಳಿ ನಾನು ಬಾಳೆಗಿಡಗಳ ಹಿಂದೆ ಹೋದೆ. ಅಲ್ಲಿ ಒಂದು ಬಾಳೆ ದಿಂಡಿನ ಎದುರು ನಿಂತು, ನನಗೆ ಗೊತ್ತಿರುವ ಬೈಗಳನ್ನೆಲ್ಲ ಪಿಸುಮಾತಿನಲ್ಲಿ ಬೈದೆ. ಬೈಗಳೆಲ್ಲ ನನಗೇ ಸಲ್ಲಬೇಕಾದದ್ದು. ಫೋಟೋ ತೆಗೆಯಲು ಬರುತ್ತಾರೆ ಎಂದರೆ ಮನೆ ಸಾರಿಸಿ, ಮುಖ ತೊಳೆದು, ಹೊಸ ಸೀರೆ ಉಟ್ಟು ನಿಲ್ಲುವ ಜನ ನಾವು. ಹದಿನಾಲ್ಕು ವರ್ಷ ಸ್ಟುಡಿಯೋ ನಡೆಸಿದ ನನಗೆ ಅಷ್ಟು ಹೊಳೆಯಬೇಡವೇ?

ಜೊತೆಗಾರ ಹಿಂದೆಯೇ ಬಂದು ಕಿವಿಯಲ್ಲಿ ಹೇಳಿದ. "ಅಕ್ಕಾ, ವೈರ್ ಬ್ರಶ್ ತರ್ತೀನ್ರಿ. ಎರಡು ತಾಸಿನ್ಯಾಗ ಸಾಫ್ ಆಗ್ತದ."

ಮರೆಯಿಂದ ಆಯಿಯ ಕೈ ಕಾಣುತ್ತಿತ್ತು. ಸುಣ್ಣ ಕಚ್ಚಿ ಬೆರಳ ಸಂದಿಗಳು ಬಿರಿದಿದ್ದವು. ಆ ಕೈಯೆದುರು ಬ್ರಶ್ ಹಿಡಿಯುವ ಧೈರ್ಯ ನನಗಿರಲಿಲ್ಲ.

ಕ್ಯಾಮೆರಾ ತೆಗೆದೆವು. ಏನಾಗುತ್ತದೋ ನೋಡೋಣ ಎಂದು ಬಿಳಿ ಬಾವಿಯ ಸುತ್ತ ಮುನ್ನೂರು ಫೋಟೋ ತೆಗೆದು, ಬೇವಿನ ಗಿಡದ ಕೆಳಗೆ ಲ್ಯಾಪ್‌ಟಾಪ್ ತೆರೆದು ಹೊಂದಿಸಲು ಬಿಟ್ಟೆವು. ಮುನ್ನೂರರಲ್ಲಿ ನಲವತ್ತು ಮಾತ್ರ ಒಂದಕ್ಕೊಂದು ಕೂಡಿದವು. ಬಿಳಿ ಗೋಡೆಯಲ್ಲಿ ಗುರುತು ಹಿಡಿಯಲು ಚುಕ್ಕೆಯೇ ಇಲ್ಲವಲ್ಲ. ಸಾಫ್ಟ್‌ವೇರಿಗೆ ಎಲ್ಲ ಕಲ್ಲೂ ಒಂದೇ. ಪರದೆಯ ಮೇಲೆ ಬಾವಿ ಹರಿದ ಚಿಂದಿಯ ಹಾಗೆ ನೇತಾಡುತ್ತಿತ್ತು.

ಜೊತೆಗಾರ ಎರಡನೆಯ ಉಪಾಯ ತೆಗೆದ. "ಮೊದಲ್ನೆ ದಿನದ್ದು ಅರ್ಧಾ ಬಾವಿ ನಮ್ಮ ಹಂತ್ಯಾಕ ಅದಲ್ರಿ. ಅದನ್ನೇ ಕನ್ನಡಿಯೊಳಗಿನಂಗ ತಿರುಗಿಸಿ ಆ ಕಡಿ ಹಚ್ಚಿಬಿಡಮು. ಪಾಳು ಬಾವಿ ಬೇಕಂದ್ರು, ಪಾಳು ಬಾವಿ ಕೊಟ್ಟಂಗಾತು. ಯಾರಿಗೂ ಗೊತ್ತಾಗಂಗಿಲ್ಲ."

ಅದು ಆಗುವ ಕೆಲಸವೇ. ಕಂಪನಿಯ ಪಟ್ಟಿಗೂ ಸರಿ ಹೊಂದುತ್ತದೆ. ಆದರೆ ಹಗ್ಗದ ಗೀರು ಎರಡೂ ಕಡೆ ಬರುತ್ತದೆ, ಎಡಕ್ಕಿದ್ದ ಪಾಚಿಯ ಕಲೆ ಬಲಕ್ಕೂ ಬರುತ್ತದೆ. ಎತ್ತುಗಳು ಎರಡೂ ಕಡೆ ನಡೆದ ಬಾವಿ ಈ ಸೀಮೆಯಲ್ಲಿ ನಾನಂತೂ ಕಂಡಿಲ್ಲ. ಅಷ್ಟರಲ್ಲಿ ಆಯಿ ಚಹಾ ತಂದಳು. ಪರದೆ ನೋಡಿ ಹುಬ್ಬು ಗಂಟಿಕ್ಕಿದಳು.

"ಇದೇನವ್ವಾ, ನನ್ನ ಬಾವಿಗಿ ಹುಳ ತಿಂದಾವೇನು?"

ಇನ್ನು ಮುಚ್ಚಿಡುವುದು ಸರಿಯೆನಿಸಲಿಲ್ಲ. "ಆಯಿ, ನಿಮ್ಮ ಸುಣ್ಣ ಛಲೋ ಆಗ್ಯದ. ಆದ್ರ ಬರೇ ಬಿಳಿ ಗ್ವಾಡಿ ಕಂಪ್ಯೂಟರಿಗಿ ಕಾಣಂಗಿಲ್ಲ. ಯಾವ ಕಲ್ಲು ಯಾವುದು ಅಂತ ಗುರ್ತ ಹಿಡಿಲಾಕ ಅದಕ್ಕ ಗೀರು, ಚುಕ್ಕಿ, ಏನರೆ ಬೇಕು."

ಆಯಿಗೆ ಬೇಸರವಾಗುತ್ತದೆ ಎಂದುಕೊಂಡಿದ್ದೆ. ಅವಳಿಗೆ ಬಂದದ್ದು ಸಿಟ್ಟು.

"ಮತ್ತ ಅರ್ಧಾ ಕೆಲಸದಾಗ ಫೋಟೋ ತೆಗಿ ಅಂತ ಯಾರು ಹೇಳ್ಯಾರ ನಿನಗ? ಕೆಮ್ಮಣ್ಣು ಎಲ್ಲಿ ಬಳದೀನಿ ಇನ್ನಾ? ಸುಣ್ಣ ಆರಲಿ ಅಂತ ಬಿಟ್ಟೀನಿ. ಬರೇ ಸುಣ್ಣ ಬಳದು ಬಿಟ್ರ ನೋಡಿದವರು ಏನಂತಾರ?"

ಅವಳು ಒಳಗೆ ಹೋಗಿ ಬುಟ್ಟಿಯಂಥ ಅಗಲ ಪಾತ್ರೆ ಹೊತ್ತು ತಂದಳು. ಅದೇ ತೋಟದ ಕೆಂಪು ಮಣ್ಣನ್ನು ಸೋಸಿ, ನೀರಿನಲ್ಲಿ ನೆನೆಸಿಟ್ಟಿದ್ದಳು. ಬಟ್ಟೆಯ ಸುರುಳಿಯೊಂದನ್ನು ಅದರಲ್ಲಿ ಅದ್ದಿ, ಕಟ್ಟೆಯ ಮೊದಲ ಕಲ್ಲಿನ ಮೇಲೆ ಒಂದು ಉದ್ದ ಗೆರೆ ಎಳೆದಳು. ಗೆರೆಯ ಕೆಳಗೆ ಬೆರಳು ಅದ್ದಿ ಸಾಲಾಗಿ ಚುಕ್ಕೆ ಇಟ್ಟಳು. ಕೈಯಿಂದ ಇಟ್ಟ ಚುಕ್ಕೆಗಳು. ಒಂದು ದಪ್ಪ, ಒಂದು ಸಣ್ಣ, ಒಂದರ ಬಾಲ ಇಳಿದಿತ್ತು. ಯಾವೆರಡೂ ಒಂದೇ ಥರ ಇರಲಿಲ್ಲ.

ನಾನು ಜೊತೆಗಾರನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಸಾಫ್ಟ್‌ವೇರಿಗೆ ಬೇಕಾದ್ದು ಇದೇ. ಅಚ್ಚು ಒತ್ತಿದಂತೆ ಒಂದೇ ಥರ ಇದ್ದಿದ್ದರೆ ಅದು ಮತ್ತೆ ಗಲಿಬಿಲಿಯಾಗುತ್ತಿತ್ತು. ಇಲ್ಲಿ ಒಂದೊಂದು ಚುಕ್ಕೆಗೂ ಅದರದೇ ಮುಖವಿತ್ತು.

"ಅಕ್ಕಾ, ಆದ್ರ ಮನುಷ್ಯಾರ ಸುಳಿವು ಇರಬಾರದು ಅಂದಾರ್ರಿ" ಎಂದು ಅವನು ಮೆಲ್ಲಗೆ ನೆನಪಿಸಿದ. "ಇದು ಪೂರಾ ಸುಳಿವೇ ಅದ. ಕೆಲಸ ಹೋದ್ರ?"

ಹೋದರೆ ಹೋಗಲಿ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಆದರೂ ತಿರುಗಿಸಿ ಅಂಟಿಸಿದ ಸುಳ್ಳು ಬಾವಿಯನ್ನು ಕಳಿಸಿ ಒಪ್ಪಿಗೆ ಪಡೆದರೆ, ಮುಂದಿನ ಒಂದು ವರ್ಷ ಅಂಥವನ್ನೇ ಮಾಡಬೇಕಾಗುತ್ತದೆ. ಈ ಬಾವಿ ನನ್ನ ಕಣ್ಣೆದುರಿಗಿದೆ, ಇದಕ್ಕೆ ಒಡತಿಯೂ ಇದ್ದಾಳೆ. "ಇದನ್ನೇ ಮಾಡೂಣು" ಎಂದೆ. ಹೇಳಿದ ಮೇಲೆ ಎದೆ ಹಗುರಾಯಿತು, ನಗು ಬಂತು.

ಆಯಿ ನಮ್ಮನ್ನು ಸುಮ್ಮನೆ ಕೂಡಲು ಬಿಡಲಿಲ್ಲ. ಜೊತೆಗಾರನಿಗೆ ಚುಕ್ಕೆಯ ಕೆಲಸ ಕೊಟ್ಟಳು. ಅವನ ಕೈ ಪಳಗಿದ್ದು, ಸೊಸೆಯಿಂದಲೂ ಶಹಬ್ಬಾಸ್ ಗಿಟ್ಟಿಸಿದ. ನನಗೆ ಬಟ್ಟೆಯ ಸುರುಳಿ ಕೊಟ್ಟು ಮೂರನೆಯ ಕಲ್ಲು ತೋರಿಸಿದಳು. ನಾನು ಉಸಿರು ಬಿಗಿಹಿಡಿದು ಎಳೆದ ಗೆರೆ ನಡುವಿನಲ್ಲಿ ಏರಿ, ಕೊನೆಯಲ್ಲಿ ಜಾರಿ ಇಳಿಯಿತು.

"ಕ್ಯಾಮೆರಾ ಹಿಡಿಯೋ ಕೈಯೇನವ್ವಾ ಇದು?" ಎಂದು ಆಯಿ ನಕ್ಕ ನಗು ಪಕ್ಕದ ತೋಟಕ್ಕೂ ಕೇಳಿರಬೇಕು. ನಾನು ನಾಲ್ಕನೆಯ ಕಲ್ಲಿಗೆ ಕೈ ಹಾಕುವ ಮೊದಲೇ ಸುರುಳಿ ಕಸಿದುಕೊಂಡು ತಾನೇ ಎಳೆದಳು.

ಮರುದಿನ ಬೆಳಿಗ್ಗೆ ಕೆಮ್ಮಣ್ಣು ಆರಿ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಮೂರು ಎತ್ತರದಿಂದ ಮೂರು ಸುತ್ತು, ಆಮೇಲೆ ಕಟ್ಟೆಗೆ ಬಾಗಿ ಒಳಗೋಡೆ, ಒಟ್ಟು ಆರುನೂರು ಫೋಟೋ. ಬೇವಿನ ಕೆಳಗೆ ಲ್ಯಾಪ್‌ಟಾಪ್ ತೆರೆದೆವು. ಏಳು ಫೋಟೋ ಬಿಟ್ಟು ಉಳಿದವೆಲ್ಲ ಕೂಡಿದವು. ಚುಕ್ಕೆಗಳ ಮೋಡ ನಿಧಾನವಾಗಿ ಸುತ್ತಿಕೊಂಡು ಬಂದು, ತನ್ನ ಬಾಲವನ್ನು ತಾನೇ ಮುಟ್ಟಿ, ಪೂರ್ತಿ ದುಂಡಗಿನ ಬಾವಿಯಾಯಿತು. ನಾನು ಕಿರುಚಿದ ಸದ್ದಿಗೆ ಬೇವಿನಲ್ಲಿದ್ದ ಗಿಳಿಗಳು ಎದ್ದು ಹೋದವು. ಜೊತೆಗಾರ ಆಯಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

ಉಳಿದ ದಿನಗಳೆಲ್ಲ ಸ್ಟುಡಿಯೋದಲ್ಲಿ. ಕಟ್ಟಿದ ಬಾವಿಯಲ್ಲಿ ಕೋಟಿಗಟ್ಟಲೆ ಸಣ್ಣ ತ್ರಿಕೋನಗಳಿರುತ್ತವೆ. ಅಷ್ಟನ್ನು ಆಟ ಹೊರಲಾರದು. ಅವುಗಳ ಸಂಖ್ಯೆ ಇಳಿಸಿ, ಇಳಿಸಿದ್ದು ಕಣ್ಣಿಗೆ ಗೊತ್ತಾಗದಂತೆ ಕಲ್ಲಿನ ಒರಟುತನವನ್ನು ಮೇಲ್ಮೈಯ ಚಿತ್ರಕ್ಕೆ ವರ್ಗಾಯಿಸಬೇಕು. ಎಂಜಿನ್ನಿನ ಸೂರ್ಯನ ಕೆಳಗೆ ಸುಣ್ಣ ಮೊದಲು ಕಣ್ಣು ಕುಕ್ಕಿತು. ಬಣ್ಣ ಸರಿ ನೋಡಲೆಂದೇ ತೋಟದಲ್ಲಿ ಬಾವಿಯ ಪಕ್ಕ ಇಟ್ಟು ತೆಗೆದಿದ್ದ ಬಣ್ಣದ ಪಟ್ಟಿಯ ಫೋಟೋಗೆ ಹೋಲಿಸಿದಾಗ ತಿಳಿಯಿತು, ಸುಣ್ಣ ಪೂರ್ತಿ ಬಿಳಿಯಲ್ಲ, ಬೆಳಗಿನಲ್ಲಿ ಅದಕ್ಕೆ ತುಸು ನೀಲಿ ಇರುತ್ತದೆ. ಕೆಂಪು ನೆಲದಲ್ಲಿ ಒಂದೇ ಹರಳು ಪ್ರತಿ ಎರಡು ಮೀಟರಿಗೊಮ್ಮೆ ಕಾಣತೊಡಗಿತು, ನಾವು ಒಂದೇ ಚೌಕವನ್ನು ಜೋಡಿಸುತ್ತ ಹೋಗಿದ್ದೆವಲ್ಲ. "ಅಕ್ಕಾ, ಈ ಹರಳು ನಮ್ಮ ಬೆನ್ನು ಹತ್ಯಾದ್ರಿ" ಎಂದ ಜೊತೆಗಾರ, ಬೇರೆ ಮೂರು ಚೌಕಗಳನ್ನು ಬೆರೆಸಿ ಅದನ್ನು ಓಡಿಸಿದ. ಬಾವಿಯ ಸುತ್ತ ಆಯಿ ಪೊರಕೆ ಆಡಿಸಿದ ಗೆರೆಗಳನ್ನೂ ನಾವು ಬಿಡಲಿಲ್ಲ. ಹದಿನೈದನೆಯ ದಿನ ಕಳಿಸಿದೆವು.

ಎರಡು ದಿನದ ನಂತರ ಕಂಪನಿಯ ಪರೀಕ್ಷಕರು ವಿಡಿಯೋ ಕರೆಗೆ ಬಂದರು. ನಮ್ಮ ನೆಲದಲ್ಲಿ ಅವರು ನಡೆಯುವುದು ನಮ್ಮ ಪರದೆಯಲ್ಲೂ ಕಾಣುತ್ತಿತ್ತು. ಬಾಳೆಯ ಸಾಲು ದಾಟಿದರು, ಗೊನೆಯ ಕೆಳಗೆ ನಿಂತರು. ಬಾವಿಗೆ ಬಂದರು. ಒಂದು ಸುತ್ತು ಹಾಕಿದರು. ಮತ್ತೊಂದು ಹಾಕಿದರು. ಮೂರನೆಯದಕ್ಕೆ ಜೊತೆಗಾರ ಮೇಜಿನ ಕೆಳಗೆ ನನ್ನ ಕಾಲು ತುಳಿದ.

"ನಾವು ಕೇಳಿದ್ದು ಪಾಳು ಬಾವಿ" ಎಂದರು ಅವರು ಹಿಂದಿಯಲ್ಲಿ.

ನಾನು ಬರೆದಿಟ್ಟುಕೊಂಡಿದ್ದ ಸಮಜಾಯಿಷಿಯೆಲ್ಲ ಮರೆತುಹೋಯಿತು. "ಸರ್, ಅಲ್ಲಿ ಜನ ಇದ್ದಾರೆ" ಎಂದೆ.

"ಕಾಣ್ತಾ ಇದೆ" ಎಂದು ಕರೆ ಮುಗಿಸಿದರು.

ಆ ಎರಡು ಶಬ್ದಗಳ ಅರ್ಥವೇನಿರಬಹುದು ಎಂದು ನಾವು ಮೂರು ದಿನ ಜಗಳಾಡಿದೆವು. ನಾಲ್ಕನೆಯ ದಿನ, ನಾನು ಒಬ್ಬ ಕಾಲೇಜು ಹುಡುಗಿಯ ಗದ್ದ ಮೇಲೆತ್ತಿಸುತ್ತಿದ್ದಾಗ ಪತ್ರ ಬಂತು. ಕಥೆ ಬರೆಯುವವರು ನಮ್ಮ ಬಾವಿಯನ್ನು ನೋಡಿ ಕಥೆಯನ್ನೇ ತಿದ್ದಿದ್ದರಂತೆ: ಊರು ಪಾಳು ಬಿದ್ದಿಲ್ಲ, ಜನ ಹೊಲಕ್ಕೆ ಹೋಗಿದ್ದಾರೆ, ಸಂಜೆ ಮರಳುತ್ತಾರೆ. ಇಡೀ ಸೀಮೆಯನ್ನು ಇದೇ ರೀತಿ ಮಾಡಿಕೊಡಿ ಎಂದಿತ್ತು. ನಾನು ಕ್ಯಾಮೆರಾದ ಹಿಂದಿನಿಂದ ಆ ಹುಡುಗಿಗೆ, "ನಗವ್ವಾ, ಎಷ್ಟ ಬೇಕು ಅಷ್ಟ ನಗು" ಎಂದೆ. ಪಾಪ, ಅವಳು ಗಾಬರಿಯಾದಳು.

ಮರುದಿನವೇ ಲ್ಯಾಪ್‌ಟಾಪ್ ಹೊತ್ತು ಕಮಲಾಪುರಕ್ಕೆ ಹೋದೆವು. ಆಯಿಯ ಕೈಗೆ ಆಟದ ರಿಮೋಟ್ ಕೊಟ್ಟು, ಯಾವ ಗುಂಡಿ ಒತ್ತಿದರೆ ಮುಂದೆ ಹೋಗುತ್ತದೆ ಎಂದು ತೋರಿಸಿದೆ. ಮೊದಲು ಎರಡು ಬಾಳೆಗಳಿಗೆ ಡಿಕ್ಕಿ ಹೊಡೆದಳು, ಆಮೇಲೆ ದಾರಿ ಹಿಡಿದಳು. ಬಾವಿಗೆ ಬಂದು ಕಟ್ಟೆಯ ಸುತ್ತ ನಿಧಾನವಾಗಿ ನಡೆದಳು. ಪುಣೆಯವರೆದುರು ಕೂಡ ನಾನು ಇಷ್ಟು ಹೆದರಿರಲಿಲ್ಲ. ಮೂರನೆಯ ಕಲ್ಲಿನೆದುರು ಆಯಿ ನಿಂತಳು. ಪರದೆಗೆ ಬಾಗಿ, ಬೆರಳು ತಾಗಿಸಿ ಏರಿ ಇಳಿದ ಗೆರೆಯ ಮೇಲೆ ಎಳೆದಳು.

"ಇದು ನಂದಲ್ಲ. ನಿಂದು."

"ಹೌದು ಆಯಿ. ಬ್ಯಾಡಂದ್ರ ಸೀದಾ ಮಾಡ್ತೀನಿ. ಕಂಪ್ಯೂಟರ್‌ದಾಗ ಒಂದು ನಿಮಿಷದ ಕೆಲಸ."

ಆಯಿ ತಲೆಯೆತ್ತಿ, ಬೇವಿನ ಆಚೆ ಬಿಸಿಲಿನಲ್ಲಿ ನಿಂತಿದ್ದ ನಿಜವಾದ ಬಾವಿಯ ಕಡೆ ಕೈ ಮಾಡಿದಳು. ಅಲ್ಲಿ ಮೂರನೆಯ ಕಲ್ಲಿನ ಮೇಲೆ ಅದೇ ಸೊಟ್ಟ ಗೆರೆ ಇತ್ತು. ದಸರೆ ಕಳೆದರೂ ಅವಳು ಅದನ್ನು ಅಳಿಸಿರಲಿಲ್ಲ.

"ಇಲ್ಲಿ ನಾ ಬಿಟ್ಟೀನಿ, ಅಲ್ಲಿ ನೀ ಯಾಕ ಅಳಸ್ತಿ? ಇರಲಿ ಬಿಡು. ಬರೋ ವರ್ಷ ದಸರಿಗಿ ಬಾ, ನಾಲ್ಕನೇ ಕಲ್ಲೂ ನಿನಗೇ ಕೊಡ್ತೀನಿ."